ಮಣ್ಣು ಎಷ್ಟೊತ್ತಿಗೆ?

ಸಾವಿನ ಸುದ್ದಿ ಬಂದರೆ ನಮ್ಮ ಡಿ. ಹಿರೇಹಾಳಿನ ಕಡೆ ‘ಯಾಕೆ ಸತ್ತ?’ ಎಂದು ಮೊದಲಿಗೆ ಯಾರೂ ಕೇಳುವುದಿಲ್ಲ. ಅದು ಮಣ್ಣಿಗೆ ಹೋಗಿಬಂದು, ಮೈಮೇಲೆ ನೀರು ಹಾಕಿಕೊಂಡು, ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದ ಮೇಲೆ ಏಳುವ ಪ್ರಶ್ನೆ. ಮೊದಲು ಕೇಳುವುದು ‘ಎಲ್ಲಿ?’ ಅಂತ. ಮನೆಯಲ್ಲೋ, ಬಳ್ಳಾರಿಯ ಆಸ್ಪತ್ರೆಯಲ್ಲೋ, ದಾರಿಯಲ್ಲೋ? ಆಮೇಲೆ ‘ಹತ್ತಿರ ಯಾರಿದ್ದರು?’ ಅದಾದ ಮೇಲೆ ‘ಬಾಯಿಗೆ ನೀರು ಬಿಟ್ಟೋರು ಯಾರು?’ ಕೊನೆಗೆ, ಎಲ್ಲಕ್ಕಿಂತ ತುರ್ತಿನದು, ‘ಮಣ್ಣು ಎಷ್ಟೊತ್ತಿಗೆ?’ ಇಷ್ಟಕ್ಕೆ ಉತ್ತರ ಸಿಕ್ಕಿತೆಂದರೆ ಸತ್ತವನು ಹೇಗೆ ಬಾಳಿದ್ದ ಅನ್ನುವುದು ಮುಕ್ಕಾಲು ಪಾಲು ಗೊತ್ತಾದ ಹಾಗೆಯೇ. ಉಳಿದ ಕಾಲು ಪಾಲು ತಿಥಿ ಊಟದ ಪಂಕ್ತಿಯಲ್ಲಿ ಗೊತ್ತಾಗುತ್ತದೆ.

ಸಾಹಿತ್ಯದ ಮೇಷ್ಟ್ರುಗಳ ಕ್ರಮ ಇದಕ್ಕೆ ಉಲ್ಟಾ. ಅವರು ಶುರು ಮಾಡುವುದೇ ‘ಯಾಕೆ?’ ಎಂದು. ‘ದುರಂತ ನಾಯಕನ ಸಾವಿನ ಅರ್ಥವೇನು? ವಿವರಿಸಿ’ ಎಂದು ಪ್ರಶ್ನೆಪತ್ರಿಕೆ ಬರುತ್ತದೆ. ನಾವು ವಿವರಿಸಿದ್ದೇವೆ, ಅಂಕವನ್ನೂ ತೆಗೆದುಕೊಂಡಿದ್ದೇವೆ. ವಿಧಿ, ಹಮ್ಮು, ಸಮಾಜ, ವ್ಯವಸ್ಥೆ, ಈ ನಾಲ್ಕು ಪದಗಳನ್ನು ಹಿಂದುಮುಂದಾಗಿ ಜೋಡಿಸಿದರೆ ಯಾವ ನಾಯಕನ ಸಾವಿಗಾದರೂ ಅರ್ಥ ಬಂದುಬಿಡುತ್ತಿತ್ತು. ಬಿ.ಎಂ.ಶ್ರೀ ಅವರಂಥ ದೊಡ್ಡವರು ನಾಗಚಂದ್ರನ ರಾವಣನಲ್ಲಿ ದುರಂತ ನಾಯಕನನ್ನು ಕಂಡರು, ರನ್ನನ ದುರ್ಯೋಧನನನ್ನು ನಾಟಕಕ್ಕೆ ತಂದರು. ಅದು ಅವರ ವಿದ್ವತ್ತು, ನಮ್ಮ ಗೈಡು ಪುಸ್ತಕದ ಗೊಣಗಾಟವಲ್ಲ. ಆದರೂ ಒಂದು ಮಾತು ಕೇಳುತ್ತೇನೆ. ಸತ್ತವನ ಮನೆ ಬಾಗಿಲಿಗೆ ಹೋಗಿ ‘ಈ ಸಾವಿನ ಅರ್ಥವೇನು?’ ಎಂದು ಯಾರಾದರೂ ಕೇಳುತ್ತಾರೆಯೇ? ಕೇಳಿದವನು ಹಲ್ಲು ಉಳಿಸಿಕೊಂಡು ಬರುತ್ತಾನೆಯೇ?

ಇಷ್ಟು ಧೈರ್ಯ ನನಗೆ ಬಂದದ್ದು ನಮ್ಮ ದೊಡ್ಡವ್ವನಿಂದ. ಆಕೆ ಕಾದಂಬರಿ ಓದಿದವಳಲ್ಲ. ಓದಿದವರಿಂದ ಕತೆ ಕೇಳಿ, ಬರೆದವರನ್ನೇ ಅಡ್ಡ ಪ್ರಶ್ನೆ ಹಾಕಿ ಸಿಕ್ಕಿಸುವವಳು. ಮುಂಗಾರಿಗೆ ಮುಂಚೆ ಬೀಜಕ್ಕೆಂದು ಶೇಂಗಾ ಸುಲಿಯಲು ಕೂತಳೆಂದರೆ ಮುಗಿಯಿತು, ಪಕ್ಕದಲ್ಲಿ ಕತೆ ಹೇಳುವವನೊಬ್ಬ ಇರಬೇಕು. ಕಾಯಿಯ ಮೂತಿಗೆ ಹೆಬ್ಬೆರಳು ಕೊಟ್ಟು ಒತ್ತಿದರೆ ಚಟ್ ಎಂದು ಬಾಯಿ ಬಿಡುತ್ತದೆ. ಬೀಜ ಮೊರಕ್ಕೆ, ಸಿಪ್ಪೆ ಮಡಿಲಿಗೆ. ಬೀಜದ ಮೇಲಿನ ಕೆಂಪು ಪೊರೆ ಹರಿಯಬಾರದು, ಹರಿದದ್ದು ಬಿತ್ತನೆಗೆ ಬಾರದು. ಅದು ಬೇರೆ ಕಡೆಗೆ, ಅಂದರೆ ಕತೆ ಹೇಳುವವನ ಬಾಯಿಗೆ. ನಾನು ಬಹಳ ವರ್ಷ ಕತೆ ಹೇಳಿದ್ದು ಈ ಹರಿದ ಬೀಜಗಳ ಆಸೆಗೇ ಎಂದರೂ ತಪ್ಪಿಲ್ಲ.

ಹಾಗೆ ಹೇಳಿದ ಕತೆಗಳಲ್ಲಿ ದೇವದಾಸನದೂ ಒಂದು. ದೇವದಾಸ ಯಾರಿಗೆ ಗೊತ್ತಿಲ್ಲ? ಗಡ್ಡ ಬಿಟ್ಟವನಿಗೆಲ್ಲ ಆ ಹೆಸರು ಇಟ್ಟಾಗಿದೆ. ಗಡ್ಡಕ್ಕೆ ನಿಜವಾದ ಕಾರಣ ಬ್ಲೇಡಿನ ಖರ್ಚು ಇದ್ದರೂ, ಊರಿನವರು ಅದಕ್ಕೊಂದು ಪಾರ್ವತಿಯನ್ನು ಹುಡುಕಿ ಅಂಟಿಸಿಬಿಡುತ್ತಾರೆ. ಶರಚ್ಚಂದ್ರರು ಆ ಕಾದಂಬರಿಯನ್ನು ಹರೆಯದಲ್ಲೇ ಬರೆದಿಟ್ಟು, ಅಚ್ಚು ಹಾಕಿಸಲು ಹಿಂದೆ ಮುಂದೆ ನೋಡಿ, ಕೊನೆಗೆ 1917ರಲ್ಲಿ ಹೊರಗೆ ಬಿಟ್ಟರು. ಅಲ್ಲಿಂದ ಅದು ಬಂಗಾಳದಲ್ಲಿ ನಿಲ್ಲಲಿಲ್ಲ. ತೆಲುಗಿನಲ್ಲಿ ಚಕ್ರಪಾಣಿಯವರ ಅನುವಾದಗಳು ಎಷ್ಟು ಒಗ್ಗಿಹೋದವೆಂದರೆ, ಶರಚ್ಚಂದ್ರರು ತೆಲುಗಿನವರೇ ಎಂದು ಎಷ್ಟೋ ಮಂದಿ ತಿಳಿದಿದ್ದರಂತೆ. ಅದರಲ್ಲಿ ಆಶ್ಚರ್ಯವೇನು? ನಮ್ಮ ಊರಿನಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು, ಬಯ್ಯುವಾಗ ಎರಡೂ. ಬೆಳಿಗ್ಗೆ ಹೋಟೆಲಿನಲ್ಲಿ ಒಬ್ಬ ಒಗ್ಗರಣೆ-ಮಿರ್ಚಿ ಎನ್ನುತ್ತಾನೆ, ಇನ್ನೊಬ್ಬ ಉಗ್ಗಾಣಿ-ಬಜ್ಜಿ ಎನ್ನುತ್ತಾನೆ, ಇಬ್ಬರ ಮುಂದೆಯೂ ಅದೇ ಮಂಡಾಳು, ಅದೇ ಮೆಣಸಿನಕಾಯಿ ಬಂದು ಕೂರುತ್ತದೆ. ಇಂಥಲ್ಲಿ ಬಂಗಾಳಿ ದೇವದಾಸ ನಮ್ಮವನಾಗಲು ಎಷ್ಟು ಹೊತ್ತು?

ದೇವದಾಸನ ತೆಲುಗು ಸಿನಿಮಾ, ಅಕ್ಕಿನೇನಿ ನಾಗೇಶ್ವರರಾವ್ ಮತ್ತು ಸಾವಿತ್ರಿಯದು, ಬಂದದ್ದು 1953ರ ಜೂನಿನಲ್ಲಿ. ಅದೇ ವರ್ಷ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯವಾಯಿತು. ಬಳ್ಳಾರಿ ಜಿಲ್ಲೆ ಹೋಳಾಗಿ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ, ಬಳ್ಳಾರಿ ಮತ್ತಿತರ ತಾಲ್ಲೂಕುಗಳು ಮೈಸೂರಿಗೆ ಹೋದವು. ನಮ್ಮ ರಾಯದುರ್ಗವನ್ನು ಅನಂತಪುರ ಜಿಲ್ಲೆಗೆ ಸೇರಿಸಿದರು. ಅಂದರೆ ನಮ್ಮ ಹಿರಿಯರು ಮಳೆಗಾಲದ ಮೊದಲಿಗೆ ದೇವದಾಸನಿಗಾಗಿ ಅತ್ತರು, ಮಳೆಗಾಲದ ಕೊನೆಗೆ ಬಳ್ಳಾರಿಗಾಗಿ. ಯಾವ ಅಳು ಜಾಸ್ತಿ ಇತ್ತು ಎಂದು ದೊಡ್ಡವ್ವನನ್ನು ಕೇಳಿದರೆ, ‘ಬಳ್ಳಾರಿ ಎಲ್ಲಿ ಹೋತಪ್ಪಾ? ಬಸ್ಸು ಹತ್ತಿದ್ರೆ ಅಲ್ಲೇ ಐತಲ್ಲ’ ಎನ್ನುತ್ತಾಳೆ. ರಾಜ್ಯಗಳು ಬೇರೆಯಾದರೂ ಸೀರೆ ತರುವುದು, ಹಲ್ಲು ಕೀಳಿಸುವುದು, ಸಿನಿಮಾ ನೋಡುವುದು ಎಲ್ಲ ಅಲ್ಲೇ ಇರುವಾಗ ಆಕೆಯ ಮಾತೂ ಸರಿಯೇ.

ಇರಲಿ, ದೇವದಾಸನ ಹೆಣ ಅಲ್ಲೇ ಬಿದ್ದಿದೆ, ನಾವು ಮಿರ್ಚಿ ತಿನ್ನುತ್ತಾ ಕೂತಿದ್ದೇವೆ. ನಾನು ಕತೆ ಹೇಳಿ ಮುಗಿಸಿದೆ. ಕುಡಿದು ಕುಡಿದು ಒಡಲು ಕೆಡಿಸಿಕೊಂಡವನು ಸಾಯುವ ಮುಂಚೆ ಪಾರ್ವತಿಯ ಗಂಡನ ಊರಿಗೆ ಹೊರಟ. ಪಾಂಡುವಾ ಸ್ಟೇಷನ್ನಿನಲ್ಲಿ ರೈಲು ಇಳಿದ, ಎತ್ತಿನ ಗಾಡಿ ಮಾಡಿಕೊಂಡ, ಕೆಟ್ಟ ದಾರಿಯಲ್ಲಿ ನರಳುತ್ತಾ ನರಳುತ್ತಾ ರಾತ್ರಿ ಹೊತ್ತು ಜಮೀನ್ದಾರರ ಮನೆಯ ಮುಂದಿನ ಮರದ ಕೆಳಗೆ ಬಂದು ಬಿದ್ದ. ಬೆಳಗಾದ ಮೇಲೆ ಜೀವ ಹೋಯಿತು. ಕತೆ ಹೇಳಿದವನಿಗೆ ಗಂಟಲು ಕಟ್ಟಿತ್ತು. ಕೇಳಿದವಳ ಹೆಬ್ಬೆರಳು ನಿಂತಿರಲಿಲ್ಲ.

‘ಎಲ್ಲಿ ಹೋದಾ ಅಂದೆ?’

‘ಅವರ ಮನೆ ಮುಂದೆ, ದೊಡ್ಡವ್ವ.’

‘ಒಳಗೋ ಹೊರಗೋ?’

‘ಹೊರಗೆ. ಮರದ ಕೆಳಗೆ.’

‘ಮಣ್ಣು ಯಾರು ಮಾಡಿದ್ರು?’

ಇಲ್ಲಿ ನೋಡಿ, ಯಾವ ಗೈಡಿನಲ್ಲೂ ಇಲ್ಲದ ಪ್ರಶ್ನೆ. ಉತ್ತರ ಕಾದಂಬರಿಯಲ್ಲಿದೆ, ಸಿನಿಮಾ ನೋಡಿ ಬಂದವರಿಗೆ ಗೊತ್ತಿರುವುದಿಲ್ಲ. ಸಿನಿಮಾದವರಿಗೆ ಬೇಕಾದದ್ದು ಮುಚ್ಚಿಕೊಳ್ಳುವ ಬಾಗಿಲು, ಓಡಿ ಬರುವ ಪಾರ್ವತಿ. ಬರುವಾ 1935ರಲ್ಲಿ ತೆಗೆದ ಸಿನಿಮಾದಿಂದ ಹಿಡಿದು ಆ ಬಾಗಿಲು ಎಷ್ಟು ಸಲ ಮುಚ್ಚಿತೋ. ಕಾದಂಬರಿಯ ಪಾರ್ವತಿಗೆ ಅಷ್ಟೂ ಭಾಗ್ಯವಿಲ್ಲ. ಸತ್ತವನು ಯಾರೆಂದು ಆಕೆಗೆ ತಿಳಿಯುವಷ್ಟರಲ್ಲಿ ಹೆಣವನ್ನು ಸಾಗಿಸಿ ಆಗಿತ್ತು. ಸತ್ತವನು ಬ್ರಾಹ್ಮಣ ಎಂದು ಜೇಬಿನ ಕಾಗದಗಳಿಂದ ಗೊತ್ತಾದರೂ ಪರಊರಿನ ಅನಾಥ ಹೆಣವನ್ನು ಯಾರೂ ಮುಟ್ಟಲಿಲ್ಲ. ಕೊನೆಗೆ ಚಂಡಾಲರನ್ನು ಕರೆಸಿ ಹೊರಿಸಿದರು. ಅವರು ಅರ್ಧ ಸುಟ್ಟು ಬಿಟ್ಟುಬಂದರು.

ದೊಡ್ಡವ್ವನ ಹೆಬ್ಬೆರಳು ಆಗ ನಿಂತಿತು. ‘ಅರ್ಧಾನಾ?’ ಎಂದಳು. ಆಮೇಲೆ ಬಹಳ ಹೊತ್ತು ಬಯ್ದಳು. ದೇವದಾಸನನ್ನಲ್ಲ, ಪಾರ್ವತಿಯ ಗಂಡನನ್ನು! ‘ಮನಿ ಮುಂದ ಬಿದ್ದ ಹೆಣಕ್ಕ ನಾಲ್ಕು ಕಟಿಗಿ ಜಾಸ್ತಿ ಕೊಟ್ಟಿದ್ರ ಜಮೀನ್ದಾರಿ ಕರಗಿ ಹೋಗ್ತಿತ್ತಾ?’ ಸಾಹಿತ್ಯ ವಿಮರ್ಶೆಯಲ್ಲಿ ಪಾರ್ವತಿಯ ಗಂಡನ ಕಟ್ಟಿಗೆಯ ಲೆಕ್ಕ ಯಾರೂ ತೆಗೆದಿಲ್ಲ. ಪ್ರೇಮದ ವೈಫಲ್ಯ, ಜಮೀನ್ದಾರಿ ವ್ಯವಸ್ಥೆಯ ಕೊಳೆತ, ಆತ್ಮನಾಶದ ಹಟ ಎಂದೆಲ್ಲ ಬರೆದಿದ್ದಾರೆ, ಸುಳ್ಳಲ್ಲ. ಆದರೆ ದೊಡ್ಡವ್ವನ ನಾಲ್ಕು ಪ್ರಶ್ನೆ ಹಾಕಿ ನೋಡಿ. ಎಲ್ಲಿ? ಇನ್ನೊಬ್ಬರ ಬಾಗಿಲ ಹೊರಗೆ. ಹತ್ತಿರ ಯಾರು? ಗಾಡಿಯವನು. ಬಾಯಿಗೆ ನೀರು? ಬಿಡಬೇಕಾದವಳು ಗೋಡೆಯ ಆಚೆ ಇದ್ದಳು. ಮಣ್ಣು? ಅರ್ಧ. ಒಬ್ಬ ಮನುಷ್ಯ ತನ್ನವರು ಎನ್ನುವವರೆಲ್ಲರನ್ನೂ ಒಬ್ಬೊಬ್ಬರಾಗಿ ಕಳಚಿಕೊಂಡು ಬಂದರೆ ಕೊನೆಗೆ ಏನಾಗುತ್ತಾನೆ ಎಂಬುದಕ್ಕೆ ಇದಕ್ಕಿಂತ ಬೇರೆ ಅರ್ಥ ಬೇಕೇ?

ಸಾಯುವುದಾದರೆ ಗಡಿಯ ಮೇಲೆ ಸಾಯಬಾರದು ಎಂದು ನಮ್ಮ ಕಡೆಯವರು ತಮಾಷೆಗೆ ಹೇಳುತ್ತಾರೆ. ಎರಡೂ ಕಡೆಯ ಪೊಲೀಸರು ಬಂದು ಹೆಣದ ತಲೆ ನಿಮ್ಮ ಕಡೆ, ಕಾಲು ನಮ್ಮ ಕಡೆ ಎಂದು ಅಳತೆ ಹಿಡಿಯುತ್ತಾರಂತೆ. ತಮಾಷೆ ಇರಬಹುದು, ಅಳತೆ ಮಾತ್ರ ತಮಾಷೆಯಲ್ಲ. ಇದೇ ನಮ್ಮ ಮಂಡಲದ ಓಬಳಾಪುರದ ಗುಡ್ಡದಲ್ಲಿ ಕಬ್ಬಿಣದ ಅದಿರು ತೆಗೆಯುವ ಗಲಾಟೆಯಲ್ಲಿ ಎರಡು ರಾಜ್ಯಗಳ ನಡುವಿನ ಗಡಿ ಎಲ್ಲಿದೆ ಎಂಬ ತಂಟೆ ಎದ್ದು, ಮಾತು ಸುಪ್ರೀಂ ಕೋರ್ಟಿಗೆ ಹೋಗಿ, ಸರ್ವೆ ಆಫ್ ಇಂಡಿಯಾದವರು ಬಂದು ಅಳೆಯಬೇಕಾಯಿತು. ಗುಡ್ಡಕ್ಕೇ ತಾನು ಯಾರ ಕಡೆಯವನೆಂದು ಗೊತ್ತಿಲ್ಲದ ಊರಿನಲ್ಲಿ ‘ಎಲ್ಲಿ ಸತ್ತ?’ ಎನ್ನುವ ಪ್ರಶ್ನೆಗೆ ತೂಕ ಜಾಸ್ತಿ. ಹಾಗಾಗಿ ದೇವದಾಸನ ಕಷ್ಟ ನಮಗೆ ಬೇಗ ಅರ್ಥವಾಗುತ್ತದೆ.

ದೇವದಾಸ ಎಂದ ಕೂಡಲೇ ಪಕ್ಕದಲ್ಲಿ ಒಂದು ನಾಯಿ ಬಂದು ಕೂರುತ್ತದೆ, ಗಮನಿಸಿದ್ದೀರಾ? ಅಕ್ಕಿನೇನಿಯ ಆ ಭಂಗಿ ಗೋಡೆಗಳ ಮೇಲೆ, ಕ್ಯಾಲೆಂಡರುಗಳ ಮೇಲೆ, ಕೊನೆಗೆ ಮಕ್ಕಳ ಛದ್ಮವೇಷದಲ್ಲೂ ಬಂದುಬಿಟ್ಟಿದೆ. ನಾಯಿ ಎಂದರೆ ನನಗೆ ನೆನಪಾಗುವುದು ಚೋಮನ ನಾಯಿ, ಬಾಡು. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು. ಚೋಮ ದುರಂತ ನಾಯಕರ ಪೈಕಿ ನಮ್ಮ ಭಾಷೆಯ ದೊಡ್ಡ ತಲೆ. ಅವನಿಗೆ ಬೇಕಾಗಿದ್ದದ್ದು ಪಾರ್ವತಿಯೂ ಅಲ್ಲ, ಸಿಂಹಾಸನವೂ ಅಲ್ಲ, ಉಳಲು ಒಂದು ತುಂಡು ಗದ್ದೆ. ಎತ್ತು ಇದೆ, ಮೈಯಲ್ಲಿ ಶಕ್ತಿ ಇದೆ, ಹುಟ್ಟಿದ ಜಾತಿಗೆ ಬೇಸಾಯ ಮಾಡುವ ಹಕ್ಕಿಲ್ಲ. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಮಕ್ಕಳಲ್ಲಿ ಒಬ್ಬ ಜ್ವರಕ್ಕೆ ಹೋದ, ಒಬ್ಬ ಮತ ಬದಲಿಸಿ ಅಲ್ಲೇ ಉಳಿದ. ಚಿಕ್ಕವನು ನೀಲ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದರು, ಮುಟ್ಟಿ ಎತ್ತುವವರು ಇರಲಿಲ್ಲ. ಕೊನೆಗೆ ಚೋಮ ಎತ್ತುಗಳನ್ನು ಹೊಡೆದೋಡಿಸಿ, ನೇಗಿಲು ಮುರಿದು, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಬಾರಿಸುತ್ತಾ ಜೀವ ಬಿಟ್ಟ. ಬಿ.ವಿ. ಕಾರಂತರು 1975ರಲ್ಲಿ ಇದನ್ನು ಸಿನಿಮಾ ಮಾಡಿದಾಗ ಸ್ವರ್ಣಕಮಲ ಬಂತು, ಚೋಮನಾಗಿದ್ದ ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು.

ದೊಡ್ಡವ್ವನಿಗೆ ಕರಾವಳಿ ಗೊತ್ತಿಲ್ಲ. ಗದ್ದೆ ಎಂದರೆ ಆಕೆಯ ಕಣ್ಣಿಗೆ ಬರುವುದು ವೇದಾವತಿಯ ಬಗಲಿನ ಒಂದಿಷ್ಟು ಹಸಿರು. ಮಿಕ್ಕದ್ದೆಲ್ಲ ಮೋಡ ನೋಡಿ ಬಿತ್ತುವ ಒಣ ಹೊಲ. ದುಡಿಯ ಬದಲು ನಮ್ಮಲ್ಲಿ ಹಲಗೆ. ಆದರೆ ಎತ್ತಿನ ವಿಷಯ ಬಂದಾಗ ಆಕೆಗೆ ತಿಳಿಸಿ ಹೇಳಬೇಕಾಗಲಿಲ್ಲ. ‘ಎತ್ತು ಬಿಟ್ಟನಾ? ಅವತ್ತೇ ಸತ್ತ ಬಿಡು. ದುಡಿ ಬಾರಿಸಿದ್ದು ಸುದ್ದಿ ಹೇಳಾಕ’ ಎಂದಳು.

ಸುದ್ದಿ ಹೇಳಾಕ! ಈ ಮಾತಿನ ಹಿಂದೆ ಹೋದರೆ ಇನ್ನೊಂದು ಊರು ಸಿಗುತ್ತದೆ. ನಮ್ಮ ಕಡೆ ಹೆಣದ ಮುಂದೆ ಹಲಗೆ ಹೋಗುತ್ತದೆ. ರೆಡ್ಡಿ ಸಾಯಲಿ, ಗೌಡ ಸಾಯಲಿ, ಮುಂದೆ ಹಲಗೆ ಬಾರಿಸುವವರು ಚೋಮನಂಥವರೇ. ಊರಿನ ಸಾವುಗಳಿಗೆಲ್ಲ ಸದ್ದು ಕೊಟ್ಟವರ ಸಾವಿಗೆ ಸದ್ದು ಕೊಡುವವರು ಯಾರು? ಕಾರಂತರ ಚೋಮ ಆ ಪ್ರಶ್ನೆಯನ್ನು ಯಾರಿಗೂ ಕೇಳದೆ, ತನ್ನ ಹೆಣದ ಮುಂದೆ ತಾನೇ ಬಾರಿಸಿಕೊಂಡು ಹೋದ. ದೇವದಾಸ ಬ್ರಾಹ್ಮಣನಾಗಿ ಹುಟ್ಟಿ, ಕೊನೆಗೆ ಯಾರೂ ಮುಟ್ಟದ ಹೆಣವಾದ. ಚೋಮನನ್ನು ಯಾರೂ ಮುಟ್ಟದೆ ಇದ್ದದ್ದು ಬದುಕಿದ್ದಾಗಲೇ; ಸಾಯುವಾಗ ಅವನು ಯಾರ ಬಾಗಿಲಿಗೂ ಹೋಗಲಿಲ್ಲ, ತನ್ನ ಬಾಗಿಲನ್ನು ತಾನೇ ಒಳಗಿನಿಂದ ಹಾಕಿಕೊಂಡ. ಬದುಕಿನಲ್ಲಿ ಅವನ ಕೈಯಲ್ಲಿ ಇದ್ದದ್ದು ಅದೊಂದೇ ಅಧಿಕಾರ. ಇಬ್ಬರಲ್ಲಿ ಯಾರ ಸಾವು ದೊಡ್ಡದು ಎಂದು ಕೇಳಬೇಡಿ, ಸಾವಿಗೆ ಸ್ಪರ್ಧೆ ಇಡುವುದು ಒಳ್ಳೆಯದಲ್ಲ. ಆದರೆ ಬಾಗಿಲನ್ನು ಯಾರು ಹಾಕಿದರು ಎನ್ನುವುದನ್ನು ಮಾತ್ರ ನೋಡಿಕೊಳ್ಳಿ.

ಅಳಿಸುವ ಕಾದಂಬರಿಗಳಿಂದ ಏನು ಪ್ರಯೋಜನ ಎನ್ನುವವರಿಗೆ ನಮ್ಮ ಬಳ್ಳಾರಿಯ ಬೀಚಿಯವರನ್ನು ತೋರಿಸಬಹುದು. ಕನ್ನಡ ಪುಸ್ತಕ ಎಂದರೆ ಮೂಗು ಮುರಿಯುತ್ತಿದ್ದ ಅವರು ಅನಕೃ ಅವರ ‘ಸಂಧ್ಯಾರಾಗ’ ಓದಿ ಕನ್ನಡಕ್ಕೆ ಒಲಿದರಂತೆ. ಆಮೇಲೆ ತಿಂಮನೆಂಬ ಪಾತ್ರವನ್ನು ಹುಟ್ಟಿಸಿ ನಾಡಿಗೆ ನಾಡನ್ನೇ ನಗಿಸಿದರು. ಒಬ್ಬ ಸಂಗೀತಗಾರನ ಸಂಕಟದ ಕತೆಯಿಂದ ಒಬ್ಬ ಹಾಸ್ಯಗಾರ ಎದ್ದುಬಂದ. ಯಾವ ಬೀಜ ಯಾವ ಹೊಲದಲ್ಲಿ ಏಳುತ್ತದೋ ಹೇಳಲಾಗದು.

ಬಳ್ಳಾರಿಯಿಂದ ಚಿತ್ರದುರ್ಗ ದೂರವೇನಲ್ಲ, ಮಾತಿಗಂತೂ ಇನ್ನೂ ಹತ್ತಿರ. ದುರಂತ ನಾಯಕರನ್ನು ಬೆಳೆಯಲು ಆ ಬಂಡೆಗಳಷ್ಟು ಒಳ್ಳೆಯ ನೆಲ ಬೇರೆ ಇಲ್ಲ. ತರಾಸು ಅವರ ರಾಮಾಚಾರಿಯನ್ನೇ ತೆಗೆದುಕೊಳ್ಳಿ. 1972ರ ‘ನಾಗರಹಾವು’ ಸಿನಿಮಾದಲ್ಲಿ ವಿಷ್ಣುವರ್ಧನ್ ಆ ಬೆಟ್ಟದ ಮೇಲಿಂದ ಮಾರ್ಗರೆಟ್ಟಳ ಜೊತೆ ಹಾರಿದ್ದನ್ನು ಯಾರು ಮರೆತಾರು? ನಿರ್ದೇಶಕ ಪುಟ್ಟಣ್ಣನವರು ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ತರಾಸು ಸಿಟ್ಟಾಗಿದ್ದರು ಎನ್ನುವುದೂ ಅಷ್ಟೇ ಪ್ರಸಿದ್ಧ. ನಮಗೆ ಗಡಿಯವರಿಗೆ ಇನ್ನೊಂದು ಸೌಕರ್ಯವಿತ್ತು. ಕನ್ನಡದಲ್ಲಿ ವಿಷ್ಣುವರ್ಧನ್ ಸತ್ತ ಮೇಲೆ 1974ರಲ್ಲಿ ತೆಲುಗಿನ ‘ಕೋಡೆ ನಾಗು’ವಿನಲ್ಲಿ ಶೋಭನ್ ಬಾಬು ಅದೇ ಪಾತ್ರಕ್ಕೆ ಬಂದ. ಒಬ್ಬನೇ ನಾಯಕನಿಗೆ ಎರಡು ಭಾಷೆಯಲ್ಲಿ ಅಳುವ ಯೋಗ ಬೆಂಗಳೂರಿನವರಿಗೆ ಎಲ್ಲಿ ಬರಬೇಕು?

ತರಾಸು ಬರೆದ ದೊಡ್ಡ ಸಾವು ಮಾತ್ರ ‘ದುರ್ಗಾಸ್ತಮಾನ’ದಲ್ಲಿದೆ. 1982ರಲ್ಲಿ ಬಂದ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಾಗ ಬರೆದವರೇ ಇರಲಿಲ್ಲ. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಹಿಡಿದ ಕತೆ, ಕೊನೆಯ ಮದಕರಿ ನಾಯಕನ ಕತೆ. ರಾಯದುರ್ಗದ ಸೀಮೆಯವರಾದ ನಾವು ಅದನ್ನು ಓದುವಾಗ ಒಂದು ಸಣ್ಣ ಪೇಚು ಇದೆ, ಯಾರಿಗೂ ಹೇಳಬೇಡಿ. ನಮ್ಮ ರಾಯದುರ್ಗದ ಪಾಳೆಯಗಾರರಿಗೂ ಚಿತ್ರದುರ್ಗದವರಿಗೂ ಹಳೆಯ ಹಗೆ; ಹೈದರಾಲಿಯ ಜೊತೆ ಇವರು ನೆಟ್ಟಗೇ ಇದ್ದರು. ಅಂದರೆ ಪುಟಪುಟಕ್ಕೂ ಕಣ್ಣೀರು ಹಾಕುತ್ತಾ ಓದುವ ನಾವು, ಲೆಕ್ಕಕ್ಕೆ ನೋಡಿದರೆ, ಆ ಕಡೆಯ ಪಾಳೆಯದವರು! ಆ ಹೈದರಾಲಿಯ ಮಗ ಟಿಪ್ಪು ಮುಂದೆ ರಾಯದುರ್ಗವನ್ನೂ ನುಂಗಿದ ಎನ್ನುವುದರಿಂದ ಲೆಕ್ಕ ಸಮವಾಯಿತು ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ.

ಮದಕರಿ ಎಲ್ಲಿ ಸತ್ತ? ಇಲ್ಲಿಯೂ ‘ಯಾಕೆ’ ಎನ್ನುವುದಕ್ಕೆ ಜಗಳವಿಲ್ಲ, ‘ಎಲ್ಲಿ’ ಎನ್ನುವುದಕ್ಕೇ ಜಗಳ. ಸೆರೆ ಸಿಕ್ಕಿ ಶ್ರೀರಂಗಪಟ್ಟಣಕ್ಕೆ ಹೋದ, ಅಲ್ಲೇ ತೀರಿಕೊಂಡ ಎಂದು ಒಂದು ಮಾತು. ಇಲ್ಲ, ಕೋಟೆಯ ಬುಡದಲ್ಲೇ ಕಾದಾಡಿ ಬಿದ್ದ ಎಂದು ಇನ್ನೊಂದು. ಎರಡನೆಯದನ್ನು ಹೇಳುವವರ ದನಿ ಏರುತ್ತದೆ. ಯಾಕೆ ಏರುತ್ತದೆ ಎಂದು ನನಗೆ ದೊಡ್ಡವ್ವನ ಪ್ರಶ್ನೆಗಳಿಂದಲೇ ತಿಳಿಯಿತು. ಕೋಟೆ ಹೋದದ್ದನ್ನು ಜನ ತಡೆದುಕೊಂಡಾರು; ನಾಯಕ ಪರರ ಊರಿನಲ್ಲಿ, ಪರರ ನೀರು ಬಾಯಿಗೆ ಬಿದ್ದು ಸತ್ತ ಎನ್ನುವುದನ್ನು ತಡೆದುಕೊಳ್ಳಲಾರರು. ಇತಿಹಾಸಕಾರರು ಶ್ರೀರಂಗಪಟ್ಟಣದಲ್ಲಿ ಮಲಗಿಸಿದ ಹೆಣವನ್ನು ಜನ ಕತೆಯಲ್ಲಿ ಹೊತ್ತುಕೊಂಡು ತಂದು ದುರ್ಗದ ಮಣ್ಣಿಗೇ ಹಾಕುತ್ತಾರೆ. ದೇವದಾಸನಿಗೆ ಈ ಭಾಗ್ಯ ಇರಲಿಲ್ಲ ನೋಡಿ, ಅವನನ್ನು ಹೊತ್ತು ತರುವ ಊರು ಒಂದಿರಲಿಲ್ಲ.

ನಮ್ಮ ಕಡೆಯ ಬಯಲಾಟದವರಿಗೆ ಈ ತಾಪತ್ರಯವೇ ಇಲ್ಲ. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ ಕಲಿತವರೂ ಅಷ್ಟೇ. ದುರ್ಯೋಧನ ತೊಡೆ ಮುರಿದು ಬಿದ್ದಿರುತ್ತಾನೆ, ಹಾರ್ಮೋನಿಯಂ ಅಳುತ್ತಿರುತ್ತದೆ, ಅಷ್ಟರಲ್ಲಿ ಯಾವನೋ ಬೀಗನು ಮುಯ್ಯಿ ಹಿಡಿದು ರಂಗಕ್ಕೆ ಹತ್ತುತ್ತಾನೆ. ಟವೆಲ್ಲು ಒಂದು, ಹೂವಿನ ಹಾರ ಒಂದು, ನೂರಾ ಒಂದು ರೂಪಾಯಿ. ಮೇಷ್ಟ್ರು ಮೈಕಿನಲ್ಲಿ ಹೆಸರು ಕೂಗುತ್ತಾರೆ. ಸಾಯುತ್ತಿರುವ ಕೌರವೇಶ್ವರ ಮೊಣಕೈ ಊರಿ ಎದ್ದು, ಹಾರಕ್ಕೆ ಕತ್ತು ಕೊಟ್ಟು, ನೋಟನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿ, ಸಭೆಗೆ ಕೈಮುಗಿದು, ಮತ್ತೆ ಸಾಯಲು ಶುರು ಮಾಡುತ್ತಾನೆ. ಬೆಳಗಿನ ಜಾವ ಮಂಗಳಾರತಿಗೆ ಸತ್ತವರೆಲ್ಲ ಸಾಲಾಗಿ ನಿಲ್ಲುತ್ತಾರೆ. ಕೊಂದ ಭೀಮನೂ ಸತ್ತ ದುರ್ಯೋಧನನೂ ಒಂದೇ ಬೀಡಿಯನ್ನು ಹಂಚಿಕೊಂಡು ಬಣ್ಣ ಒರೆಸಿಕೊಳ್ಳುತ್ತಾರೆ. ಹೀಗೆ ಹತ್ತಿರ ಊರಿಗೆ ಊರೇ ಇರುವಾಗ ಸತ್ತ ನಾಯಕನಿಗೆ ಕೊರತೆ ಏನು?

ಅದಕ್ಕೇ ಕಾದಂಬರಿ ಬರೆಯುವವರಿಗೆ ದೊಡ್ಡವ್ವನ ಪರವಾಗಿ ಒಂದು ಅರ್ಜಿ. ನಾಯಕನನ್ನು ಸಾಯಿಸುವುದಿದ್ದರೆ ಸಾಯಿಸಿ, ಕತೆಗೆ ಬೇಕಾದರೆ ಬೇಡ ಎನ್ನಲು ನಾವ್ಯಾರು? ಆದರೆ ಪಕ್ಕದಲ್ಲಿ ಒಬ್ಬರನ್ನಾದರೂ ಇಟ್ಟಿರಿ, ಒಂದು ಚೊಂಬು ನೀರು ಇಟ್ಟಿರಿ, ಕಟ್ಟಿಗೆಯಲ್ಲಿ ಜುಗ್ಗತನ ಮಾಡಬೇಡಿ. ತಿಥಿಗೆ ಹೋಳಿಗೆಯೋ ಪಾಯಸವೋ ಎಂದು ನೀವೇ ಬರೆದುಬಿಟ್ಟರೆ ನಮಗೆ ಜಗಳ ಉಳಿಯುತ್ತದೆ. ಇನ್ನು ಹದ ಮಳೆ ಬಿದ್ದು ಬಿತ್ತನೆ ನಡೆದಿರುವ ವಾರದಲ್ಲಂತೂ ದಯವಿಟ್ಟು ಸಾಯಿಸಬೇಡಿ. ಎಷ್ಟು ದೊಡ್ಡ ದುರಂತ ನಾಯಕನಾದರೂ ಆ ವಾರ ನಮ್ಮ ಊರಿನಿಂದ ಮಣ್ಣಿಗೆ ನಾಲ್ಕು ಜನ ಹೊರಡುವುದಿಲ್ಲ.